ಎರವಲು ಕುಂಟು

ಆಲ್ಡರ್ ಲೇಕ್ ಊರಿನಲ್ಲಿ ರಾತ್ರಿ ಹಿಮ ಸುರಿದಿತ್ತೆಂದರೆ, ಬೆಳಿಗ್ಗೆ ಎದ್ದ ಡ್ವೇನ್ ಕುಬಿಯಾಕ್ ಮಾಡುತ್ತಿದ್ದ ಮೊದಲ ಕೆಲಸ ಕಾಫಿ ಲೋಟ ಹಿಡಿದು ಕಿಟಕಿಯ ಪರದೆ ಹಿಂದೆ ಅಡಗುವುದು. ಹೊರಗೆ ಆರ್ವಿಲ್ ಸ್ಟೆನ್‌ಸೆತ್ ಎಂಬ ಎಪ್ಪತ್ತಾರರ ಹಿರಿಯರು ತುಕ್ಕು ಹಿಡಿದ ಪಿಕಪ್ ಟ್ರಕ್ಕಿನ ಮೂತಿಗೆ ಕಬ್ಬಿಣದ ಹಲಗೆ ಕಟ್ಟಿಕೊಂಡು, ಡ್ವೇನನ ಬಾಗಿಲಿನಿಂದ ರಸ್ತೆಯವರೆಗೆ ಬಿದ್ದ ಹಿಮವನ್ನೆಲ್ಲ ಪಕ್ಕಕ್ಕೆ ತಳ್ಳುತ್ತಿದ್ದರು. ಟ್ರಕ್ಕು ನುಗ್ಗಲಾಗದ ಮೂಲೆಗಳಿಗೆ ತಾವೇ ಕೆಳಗಿಳಿದು ಸಲಿಕೆ ಹಾಕುತ್ತಿದ್ದರು. ಕೆಲಸ ಮುಗಿದ ಮೇಲೆ ಮೆಲ್ಲಗೆ ಒಂದು ಸಲ ಹಾರ್ನ್. ಆಗ ಡ್ವೇನ್ ಈಗಷ್ಟೇ ಎದ್ದವನಂತೆ ತಲೆ ಕೆದರಿಕೊಂಡು, ಬಾಗಿಲು ತೆರೆದು, ಎಡಗಾಲು ಎಳೆಯುತ್ತ ಮೆಟ್ಟಿಲ ತನಕ ಬಂದು ಕೈ ಬೀಸುತ್ತಿದ್ದ.

"ಹೊರಗೆ ಬರಬೇಡ್ವೋ ಮರಿ, ಜಾರುತ್ತೆ!" ಎಂದು ಆರ್ವಿಲ್ ಕೂಗುತ್ತಿದ್ದರು. "ಒಳಗೆ ಹೋಗು, ಕಾಲಿಗೆ ಚಳಿ ತಾಗಿಸ್ಕೋಬೇಡ."

ಆ ಎಡಗಾಲಿಗೆ ಏನೂ ಆಗಿರಲಿಲ್ಲ. ಅದೇ ಈ ಕತೆಯ ತೊಂದರೆ.

ಡ್ವೇನನಿಗೆ ಏನೂ ಆಗಿರಲಿಲ್ಲ ಎಂದಲ್ಲ. ಹನ್ನೆರಡು ವರ್ಷ ಸೈನ್ಯದಲ್ಲಿ ಸಾಮಾನು ಸಾಗಿಸುವ ದೊಡ್ಡ ಟ್ರಕ್ಕು ಓಡಿಸಿದವನು ಅವನು. ಅಫ್ಘಾನಿಸ್ತಾನದ ಒಂದು ಕಣಿವೆಯಲ್ಲಿ ಮುಂದಿನ ಟ್ರಕ್ಕು ಸಿಡಿದಾಗ ಅವನ ಎಡಭುಜ ಕಳಚಿತ್ತು, ಕಿವಿಯೊಳಗೆ ಸದಾ ಗುಂಯ್‌ಗುಡುವ ಜೀರುಂಡೆಯಂಥ ಸದ್ದೊಂದು ಹೊಕ್ಕು ಇನ್ನೂ ಹೊರಬಂದಿರಲಿಲ್ಲ. ಸರ್ಕಾರ ಭುಜವನ್ನೂ ಜೀರುಂಡೆಯನ್ನೂ ಅಳೆದು ತೂಗಿ, ಈ ಮನುಷ್ಯ ಶೇಕಡಾ ನಲವತ್ತು ಕೆಟ್ಟಿದ್ದಾನೆ ಎಂದು ತೀರ್ಮಾನಿಸಿ, ತಿಂಗಳು ತಿಂಗಳು ಪರಿಹಾರ ಕೊಡುತ್ತಿತ್ತು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ನಮ್ಮಂಥವರು ಶೇಕಡಾ ಎಷ್ಟು ಕೆಟ್ಟಿದ್ದೇವೆಂದು ಯಾರೂ ಅಳೆಯುವುದಿಲ್ಲ. ಆ ಸೌಲಭ್ಯ ಸೈನಿಕರಿಗೆ ಮಾತ್ರ. ಅವನ ಟ್ರಕ್ಕಿನ ನಂಬರ್ ಫಲಕದ ಮೇಲೆ 'ಅಂಗವಿಕಲ ಮಾಜಿ ಸೈನಿಕ' ಎಂಬ ಅಕ್ಷರಗಳಿದ್ದವು. ಆ ಅಕ್ಷರಗಳಲ್ಲಿ ಸುಳ್ಳೇನೂ ಇರಲಿಲ್ಲ.

ಅವನು ಸೈನ್ಯ ಬಿಟ್ಟು ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಆರ್ವಿಲ್ ಕೇಳದೆಯೇ ಬಂದು ಹಿಮ ತಳ್ಳಿದರು. ವಿಯೆಟ್ನಾಂಗೆ ಹೋಗಿ ಬಂದವರು, ಊರಿನ ಮಾಜಿ ಸೈನಿಕರು ಸೇರುವ ಹಾಲ್‌ಗೆ ಹಿರಿಯರು. ತಮ್ಮ ನಂತರದ ಹುಡುಗರನ್ನು ನೋಡಿಕೊಳ್ಳುವುದು ತಮ್ಮ ಪಾಲಿನದು ಎಂದುಕೊಂಡವರು. ಎರಡನೇ ಚಳಿಗಾಲಕ್ಕೆ ಕೈ ಬಿಚ್ಚಿತ್ತು. ಇನ್ನು ಸಾಕು, ನನ್ನ ಹಿಮ ನಾನೇ ತಳ್ಳಿಕೊಳ್ಳುತ್ತೇನೆ ಎಂದು ಹೇಳಿಯೇಬಿಡಬೇಕೆಂದು ಡ್ವೇನ್ ನಿಶ್ಚಯಿಸಿದ. ಆ ಬೆಳಿಗ್ಗೆ ಅವನು ಶೌಚಾಲಯದಲ್ಲಿ ಮೀನು ಹಿಡಿಯುವವರ ಪತ್ರಿಕೆಯೊಂದನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಓದಿದ್ದ. ಎದ್ದಾಗ ಎಡಗಾಲು ಪೂರ್ತಿ ಜೋಮು ಹಿಡಿದಿತ್ತು. ಹಾರ್ನ್ ಕೇಳಿ ಹಾಗೇ ಹೊರಗೋಡಿದ. ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಯ್ಯೋ! ಕಾಲೂ ಹೋಯ್ತೇನೋ?" ಎಂದರು ಆರ್ವಿಲ್. ಅವರ ಮುಖದಲ್ಲಿ ಎಂಥ ಮರುಕ ಮೂಡಿತೆಂದರೆ, ಜೋಮು ಎಂದು ಹೇಳುವುದು ಆ ಮುಖಕ್ಕೆ ಮಾಡುವ ಅವಮಾನದಂತೆ ಡ್ವೇನನಿಗೆ ತೋರಿತು.

"ಚಳಿಗೆ ಸ್ವಲ್ಪ ಹಿಡ್ಕೊಳುತ್ತೆ," ಎಂದುಬಿಟ್ಟ.

ಅಷ್ಟೇ. ಅವನು ಬಾಯಿಬಿಟ್ಟು ಹೇಳಿದ ಸುಳ್ಳು ಅದೊಂದೇ. ಉಳಿದದ್ದನ್ನೆಲ್ಲ ಕಾಲೇ ಹೇಳಿಕೊಂಡು ಹೋಯಿತು. ಆರ್ವಿಲ್ ಕಣ್ಣಿಗೆ ಬಿದ್ದರೆ ಸಾಕು, ಹಾರ್ಡ್‌ವೇರ್ ಅಂಗಡಿಯಾಗಲಿ ಚರ್ಚಾಗಲಿ, ಎಡಗಾಲು ತಾನಾಗಿ ಭಾರವಾಗುತ್ತಿತ್ತು. ಸೊಂಟ ಒಂದು ಪಕ್ಕಕ್ಕೆ ಇಳಿದು, ಹಿಮ್ಮಡಿ ನೆಲ ಸವರುತ್ತಿತ್ತು. ಅವರು ಮರೆಯಾದರೆ ಕಾಲು ಸರಿಹೋಗುತ್ತಿತ್ತು. ಎಂಟು ವರ್ಷ ಹೀಗೇ ನಡೆಯಿತು.

"ನಾಳೆ ಸ್ವರ್ಗಕ್ಕೆ ಹೋಗ್ತೀಯಲ್ಲ," ಎನ್ನುತ್ತಿದ್ದಳು ಅವನ ಹೆಂಡತಿ ಕಾರ್ಲೀನ್, "ಅಲ್ಲಿ ಬಾಗಿಲಲ್ಲಿ ಆರ್ವಿಲ್ ನಿಂತಿದ್ರೆ ಏನು ಮಾಡ್ತೀಯ? ದೇವರ ಮುಂದೇನೂ ಕುಂಟ್ತೀಯಾ?"

"ಈ ಚಳಿಗಾಲ ಮುಗೀಲಿ, ಹೇಳ್ತೀನಿ."

"ಇದನ್ನ ನೀನು ಎಷ್ಟು ಚಳಿಗಾಲದಿಂದ ಹೇಳ್ತಿದೀಯ?"

ಅಂಥವನು ನಲವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಸೈನ್ಯಕ್ಕೆ ಸೇರಿದ. ಪೂರ್ಣಾವಧಿಯದಲ್ಲ; ನ್ಯಾಷನಲ್ ಗಾರ್ಡ್, ಅಂದರೆ ತಿಂಗಳಿಗೊಂದು ಶನಿವಾರ ಭಾನುವಾರ, ಬೇಸಿಗೆಯಲ್ಲಿ ಎರಡು ವಾರ. ಇನ್ನೆಂಟು ವರ್ಷ ದುಡಿದರೆ ಮುಂದೆ ಪಿಂಚಣಿ ಬರುತ್ತದೆ ಎಂದು ಕಾರ್ಲೀನಳಿಗೆ ಕಾರಣ ಕೊಟ್ಟ. ಅದು ನಿಜವೇ. ಆದರೆ ಇನ್ನೊಂದು ನಿಜವೂ ಇತ್ತು. ಕಾಗದದ ಕಾರ್ಖಾನೆಯ ಉಗ್ರಾಣದಲ್ಲಿ ಬೇರಿಂಗುಗಳನ್ನು ಕಪಾಟಿನಲ್ಲಿ ಜೋಡಿಸುವಾಗ, ಸೂರ್ಯ ಹುಟ್ಟುವ ಮುಂಚೆ ಹತ್ತು ಜನರ ಜೊತೆ ಸಾಲಾಗಿ ನಿಂತು ಬೈಸಿಕೊಳ್ಳುವ ಸುಖ ಅವನಿಗೆ ಬಹಳ ನೆನಪಾಗುತ್ತಿತ್ತು. ಇದನ್ನು ಹೆಂಡತಿಗೆ ಹೇಳಲಿಲ್ಲ. ಬೈಸಿಕೊಳ್ಳಲು ಅಷ್ಟು ದೂರ ಯಾಕೆ ಹೋಗಬೇಕೆಂದು ಅವಳು ಕೇಳುವುದು ಖಚಿತವಿತ್ತು.

ಗಾರ್ಡ್‌ನವರಿಂದ ಅವನು ಏನನ್ನೂ ಮುಚ್ಚಿಡಲಿಲ್ಲ. ಭುಜ ತೋರಿಸಿದ, ಜೀರುಂಡೆಯ ವಿಷಯ ಹೇಳಿದ. ವೈದ್ಯರು ಕೈಯನ್ನು ಮೇಲೆ ಕೆಳಗೆ ಎಳೆದಾಡಿ, ಟ್ರಕ್ಕು ಓಡಿಸುವುದಕ್ಕೆ ಅಡ್ಡಿಯಿಲ್ಲ ಎಂದರು. ಎರಡು ಮೈಲಿ ಓಡಿಸಿದರು; ಓಡಿದ. ಎಡಗಾಲು ಕುದುರೆಯಂತೆ ಓಡಿತು.

ಒಂದೇ ಒಂದು ಕಟ್ಟಳೆ. ಕವಾಯತಿನ ದಿನಗಳಿಗೆ ಸಂಬಳ ತೆಗೆದುಕೊಂಡರೆ ಅಷ್ಟೇ ದಿನಗಳ ಪರಿಹಾರ ಬಿಡಬೇಕು. ಪರಿಹಾರ ಬೇಕೆಂದರೆ ಸಂಬಳ ಬಿಡಬೇಕು. ಗಾರ್ಡ್‌ನ ಪಂಚಾಂಗದಲ್ಲಿ ಒಂದು ಶನಿವಾರ ಭಾನುವಾರಕ್ಕೆ ನಾಲ್ಕು ದಿನದ ಲೆಕ್ಕ. ಸಂಬಳವೇ ದೊಡ್ಡದಾದ್ದರಿಂದ ಡ್ವೇನ್ ಪರಿಹಾರ ಬಿಟ್ಟ. ಹಾಗಾಗಿ ಸರ್ಕಾರದ ದೃಷ್ಟಿಯಲ್ಲಿ ಅವನು ತಿಂಗಳಲ್ಲಿ ನಾಲ್ಕು ದಿನ ಇಡೀ ಮನುಷ್ಯ, ಉಳಿದ ದಿನ ಶೇಕಡಾ ನಲವತ್ತು ಮುರುಕು. ಕಾರ್ಲೀನಳಿಗೆ ಇದು ಸಿಕ್ಕಿದ್ದೇ ತಡ, ಮನೆಯಲ್ಲಿ ಅವನಿಗೆ ಉಳಿಗಾಲವಿಲ್ಲದಂತಾಯಿತು.

"ಇವತ್ತು ನೀನು ಇಡಿಯೋ ಮುರುಕೋ?" ಎಂದು ಅಡುಗೆಮನೆಯಿಂದ ಕೇಳುವಳು.

"ಮಂಗಳವಾರ ಅಲ್ವಾ, ಮುರುಕು."

"ಹಾಗಾದ್ರೆ ಪಾತ್ರೆ ತೊಳಿ. ಇಡೀ ಮನುಷ್ಯನಿಗೆ ನಾನು ಬೇರೆ ಕೆಲಸ ಇಟ್ಕೊಂಡಿದೀನಿ."

ಇಷ್ಟೆಲ್ಲ ನೇರವಾಗಿ ನಡೆದ ವ್ಯವಹಾರದಲ್ಲಿ ಒಂದೇ ಒಂದು ಕಡೆ ಸೊಟ್ಟ. ಆರ್ವಿಲ್‌ಗೆ ಹೇಳಿರಲಿಲ್ಲ. ಹೇಳುವುದಾದರೂ ಹೇಗೆ? ಗಾರ್ಡ್‌ಗೆ ಸೇರಿದ್ದೇನೆ ಎಂದರೆ ಓಡಬಲ್ಲೆ ಎಂದಂತೆ. ಓಡಬಲ್ಲೆ ಎಂದರೆ ಅಷ್ಟು ವರ್ಷ ಅವರು ತಳ್ಳಿದ ಹಿಮಕ್ಕೆ ಉತ್ತರ ಕೊಡಬೇಕು. ಅದಕ್ಕೇ ಕವಾಯತಿಗೆ ಹೋಗುವ ಶನಿವಾರ "ಸ್ವಲ್ಪ ಪೇಟೆ ಕಡೆ ಹೋಗಿ ಬರ್ತೀನಿ, ತೋರಿಸೋದಿದೆ," ಎನ್ನುತ್ತಿದ್ದ. ಏನನ್ನು, ಯಾರಿಗೆ ತೋರಿಸುವುದೆಂದು ಹೇಳುತ್ತಿರಲಿಲ್ಲ. ಆಸ್ಪತ್ರೆ ಎಂದು ಆರ್ವಿಲ್ ತಾವೇ ತುಂಬಿಕೊಂಡರು.

ಸಮವಸ್ತ್ರ ಚೀಲದೊಳಗೆ ಹೋಗುತ್ತಿತ್ತು. ಪಕ್ಕದ ಊರಿನ ಪೆಟ್ರೋಲ್ ಬಂಕಿನ ಶೌಚಾಲಯದಲ್ಲಿ ಬಟ್ಟೆ ಬದಲಿಸುತ್ತಿದ್ದ. ಒಂದು ಸಲ ಆರ್ವಿಲ್‌ರ ಟ್ರಕ್ಕಿನಂಥದ್ದೇ ಟ್ರಕ್ಕೊಂದು ಅಲ್ಲಿ ನಿಂತಿದ್ದುದನ್ನು ಕಂಡು ಕಾಲು ಹೆದರಿ ಕುಂಟಿತು. ಕುಂಟುತ್ತ ಒಳಹೋದವನು ಸಮವಸ್ತ್ರದಲ್ಲಿ ನೆಟ್ಟಗೆ ಹೊರಬಂದ. ಗಲ್ಲಾಪೆಟ್ಟಿಗೆಯ ಹೆಂಗಸು ಅವನನ್ನು ನೋಡಿ, ಶೌಚಾಲಯದ ಬಾಗಿಲನ್ನೂ ಒಮ್ಮೆ ನೋಡಿ, "ನಮ್ಮ ಯಜಮಾನ್ರಿಗೂ ಮಂಡಿನೋವು, ಒಂದ್ಸಲ ಇಲ್ಲಿಗೇ ಕಳಿಸ್ತೀನಿ," ಎಂದಳು.

ಶುಕ್ರವಾರಗಳು ಇನ್ನೂ ಕಷ್ಟದವು. ಶುಕ್ರವಾರ ಸಂಜೆ ಮಾಜಿ ಸೈನಿಕರ ಹಾಲ್‌ನಲ್ಲಿ ಕರಿದ ಮೀನು, ಎಲೆಕೋಸಿನ ಪಲ್ಯ, ರೈ ಬ್ರೆಡ್ಡು. ಊಟವಾದ ಮೇಲೆ ಗೆದ್ದವರಿಗೆ ಮಾಂಸ ಸಿಗುವ ಲಾಟರಿ. ಡ್ವೇನ್ ಬಾಗಿಲಲ್ಲಿ ಕಂಡರೆ ನಾಲ್ಕು ಜನ ಎದ್ದು ಕುರ್ಚಿ ಎಳೆಯುತ್ತಿದ್ದರು. ಡಿಸೆಂಬರಿನ ಒಂದು ಶುಕ್ರವಾರ ಆರ್ವಿಲ್‌ಗೆ ಲಾಟರಿಯಲ್ಲಿ ದೊಡ್ಡ ಹ್ಯಾಮ್, ಹಂದಿಯ ಇಡೀ ತೊಡೆ, ಬಂತು. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಇದು ನಮ್ಮ ಡ್ವೇನ್‌ಗೆ," ಎಂದರು. "ತಿಂಗಳು ತಿಂಗಳು ಆಸ್ಪತ್ರೆಗೆ ಅಲೀತಾನೆ ಪಾಪ. ಒಂದು ದಿನ ಅಯ್ಯೋ ಅಂದವನಲ್ಲ. ನಮ್ಮ ಮೂಳೆ ನೊಂದ್ರೆ ನಾವು ಇಡೀ ಊರಿಗೆ ಸಾರ್ತೀವಿ. ಇವನನ್ನ ನೋಡಿ ಕಲೀರಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ವೇನ್ ಹ್ಯಾಮನ್ನು ಮಗುವಿನಂತೆ ಎದೆಗವಚಿಕೊಂಡು, ಕುಂಟುತ್ತ ಮೇಜಿಗೆ ವಾಪಸಾದ. ಕ್ರಿಸ್‌ಮಸ್‌ಗೆ ಕಾರ್ಲೀನ್ ಅದನ್ನು ಬೇಯಿಸಿ, ಅವನ ತಟ್ಟೆಗೆ ದಪ್ಪನೆಯ ತುಂಡೊಂದನ್ನು ಹಾಕಿ, ಎದುರಿಗೆ ಕೂತು ಅವನ ಬಾಯನ್ನೇ ನೋಡುತ್ತಿದ್ದಳು. ಅವಳು ಬೈದಿದ್ದರೆ ತುಂಡು ಗಂಟಲಲ್ಲಿ ಇಳಿಯುತ್ತಿತ್ತೇನೋ.

ಜನವರಿಯಲ್ಲಿ ಆ ಹಿಮ ಬಂತು. ಎರಡು ಹಗಲು ಎರಡು ರಾತ್ರಿ ಬಿಡದೆ ಸುರಿದು, ಕಾರುಗಳೆಲ್ಲ ಗುಡ್ಡೆಗಳಾದವು, ಕರೆಂಟು ಹೋಯಿತು, ರಸ್ತೆ ಎಲ್ಲಿತ್ತೆಂದು ರಸ್ತೆ ಮಾಡಿದವರಿಗೂ ತಿಳಿಯದಂತಾಯಿತು. ರಾಜ್ಯದವರು ಗಾರ್ಡ್‌ಗೆ ಕರೆ ಕಳಿಸಿದರು. ಫೋನ್ ಎತ್ತದ ಮುದುಕ ಮುದುಕಿಯರ ಮನೆ ಹುಡುಕಿ, ಜೀವ ಇದೆಯೇ ನೋಡಿ, ಔಷಧಿ ಸೌದೆ ಕೊಟ್ಟು ಬರಬೇಕು. ಆಲ್ಡರ್ ಲೇಕ್ ಸುತ್ತಿನ ದಾರಿ ಬಲ್ಲವರು ಯಾರು? ಸಾರ್ಜೆಂಟ್ ಕುಬಿಯಾಕ್.

ಅವನ ಜೊತೆ ನಾಲ್ವರು ಸಿಪಾಯಿಗಳು, ಶೆಂಗ್ ಮುವಾ ಎಂಬ ವೈದ್ಯಕೀಯ ಸಿಪಾಯಿ. ಎರಡು ಮೈಲಿ ಓಟದಲ್ಲಿ ಅವಳು ಅವನ ಬೆನ್ನು ನೋಡುತ್ತಲೇ ಓಡಿದ್ದಳು, ಅದನ್ನಿನ್ನೂ ಕ್ಷಮಿಸಿರಲಿಲ್ಲ. ಮೂರು ಮನೆ ಮುಗಿಸಿದರು. ನಾಲ್ಕನೆಯದು ಆರ್ವಿಲ್ ಸ್ಟೆನ್‌ಸೆತ್. ಫೋನ್ ಎತ್ತಿಲ್ಲ, ಟ್ರಕ್ಕು ಹಿಮದಡಿ ಹೂತಿದೆ, ಹೊಗೆಗೂಡಿನಲ್ಲಿ ಹೊಗೆ ಕಾಣುತ್ತಿಲ್ಲ.

ಹೊಗೆ ಇಲ್ಲದ್ದನ್ನು ಕಂಡ ಮೇಲೆ ಡ್ವೇನನಿಗೆ ಉಳಿದದ್ದೆಲ್ಲ ಮರೆತುಹೋಯಿತು. ಸೊಂಟದ ಮಟ್ಟದ ಹಿಮಕ್ಕೆ ತಾನೇ ಮೊದಲು ಧುಮುಕಿದ. ಸಲಿಕೆ ಬೀಸುತ್ತ, "ಎಡಗಡೆ ಅಗೀರೋ! ಬಾಗಿಲಿಗೆ ನೇರ!" ಎಂದು ಅರಚುತ್ತ, ಭುಜ ಕಿರುಚುತ್ತಿದ್ದರೂ ಬಿಡದೆ, ಮೆಟ್ಟಿಲನ್ನು ಮೂರು ನೆಗೆತಕ್ಕೆ ಹತ್ತಿ ಬಾಗಿಲು ಗುದ್ದಿದ. ಒಳಗೆ ಏನೋ ಸರಿದಾಡಿತು. ಬಾಗಿಲು ತೆರೆಯಿತು. ಕೆಂಪು ಚೌಕಳಿಯ ಜಾಕೆಟ್ಟಿನ ಮೇಲೆ ಕಂಬಳಿ ಹೊದ್ದು ಆರ್ವಿಲ್ ನಿಂತಿದ್ದರು. ಮೂಗು ಕೆಂಪಾಗಿತ್ತು, ಜೀವಕ್ಕೇನೂ ಆಗಿರಲಿಲ್ಲ.

"ಸೌದೆ ಹೊರಗಿದೆ, ಬಾಗಿಲು ತಳ್ಳಕ್ಕಾಗ್ಲಿಲ್ಲ," ಎಂದರು. ಆಮೇಲೆ ಕಣ್ಣು ಕಿರಿದು ಮಾಡಿ, ಟೋಪಿಯನ್ನು, ಸಮವಸ್ತ್ರವನ್ನು, ಎದೆಯ ಮೇಲಿನ ಹೆಸರನ್ನು ನೋಡಿದರು. "ಡ್ವೇನ್?"

ಏನಾದರೂ ಹೇಳಬೇಕಿತ್ತು. ಆದರೆ ಎಂಟು ವರ್ಷ ಪಳಗಿದ ಎಡಗಾಲು ಯಾರ ಅಪ್ಪಣೆಗೂ ಕಾಯಲಿಲ್ಲ. ಒಳಗೆ ಬರಲೆಂದು ಹೆಜ್ಜೆಯಿಟ್ಟ ಡ್ವೇನನ ಸೊಂಟ ಒಂದು ಪಕ್ಕಕ್ಕೆ ಇಳಿಯಿತು, ಹಿಮ್ಮಡಿ ಹೊಸ್ತಿಲು ಸವರಿತು. ತನ್ನ ನಾಲ್ವರು ಸಿಪಾಯಿಗಳ ಮುಂದೆ, ಸಮವಸ್ತ್ರದಲ್ಲಿ, ಸಾರ್ಜೆಂಟ್ ಕುಬಿಯಾಕ್ ಕುಂಟಿದ.

"ಸಾರ್ಜೆಂಟ್! ನಿಲ್ಲಿ! ಕಾಲಿಗೇನಾಯ್ತು?" ಶೆಂಗ್ ಚೀಲ ಎತ್ತಿಕೊಂಡು ಓಡಿ ಬಂದಳು.

"ಏನಿಲ್ಲ, ಏನಿಲ್ಲ."

"ಏನಿಲ್ಲ ಅಂತ ಹೇಗೆ? ಈಗ ತಾನೇ ಆಡಿನ ಥರ ಮೆಟ್ಟಿಲು ಹಾರಿದ್ರಿ. ಕೂತ್ಕೊಳ್ಳಿ."

ಆರ್ವಿಲ್‌ರ ಅಡುಗೆಮನೆಯ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಬೂಟು ಕಿತ್ತು, ಕಾಲುಚೀಲ ಎಳೆದು, ಹಿಮ್ಮಡಿಯಿಂದ ಮಂಡಿಯ ತನಕ ಒತ್ತಿ ನೋಡಿದಳು. "ಇಲ್ಲಿ ನೋವಾ? ಇಲ್ಲಿ?" ಡ್ವೇನ್ ತಲೆಯಾಡಿಸುತ್ತಲೇ ಇದ್ದ. ಸಿಪಾಯಿಗಳು ಸೌದೆ ತಂದು ಒಲೆಗೆ ಹಾಕುತ್ತ ಓರೆಗಣ್ಣಲ್ಲಿ ನೋಡುತ್ತಿದ್ದರು.

ಆಗ ಆರ್ವಿಲ್ ಅವನ ಪರವಾಗಿ ಬಾಯಿ ಹಾಕಿದರು. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು.

"ಅದು ಹಳೇ ನೋವು ಮಗಳೇ. ನಾನು ಎಂಟು ವರ್ಷದಿಂದ ನೋಡ್ತಿದೀನಿ. ಅವನು ಹೇಳ್ಕೊಳಲ್ಲ. ಇಂಥ ಕಾಲಿಟ್ಕೊಂಡು ಇವನನ್ನ ಯಾವ ಪುಣ್ಯಾತ್ಮರು ಮತ್ತೆ ಸೈನ್ಯಕ್ಕೆ ತಗೊಂಡ್ರು?"

ಶೆಂಗ್ ತಲೆಯೆತ್ತಿದಳು. "ಇವರಿಗೆ ಹಳೇ ನೋವು ಅಂತ ನಮ್ಗೆ ಗೊತ್ತಿರೋದು ಭುಜ. ಕಾಲಿನ ಮಾತೇ ಇಲ್ಲ. ಮೊನ್ನೆ ಎರಡು ಮೈಲೀಲಿ ನನ್ನ ಹಿಂದೆ ಹಾಕಿದಾರೆ." ಆಮೇಲೆ ಡ್ವೇನನ ಕಡೆ ತಿರುಗಿ ದನಿ ತಗ್ಗಿಸಿದಳು. "ಸಾರ್ಜೆಂಟ್, ಇವತ್ತು ಪೆಟ್ಟಾಗಿದ್ರೆ ನಾನು ವರದಿ ಮಾಡ್ಲೇಬೇಕು. ಕರ್ತವ್ಯದಲ್ಲಿದ್ದಾಗ ಕಾಲಿಗೆ ಗಾಯ ಅಂತ. ಮಾಡ್ಲಾ?"

ಡ್ವೇನ್ ತನ್ನ ಬರಿಗಾಲನ್ನು ನೋಡಿಕೊಂಡ. ಬೆಳ್ಳಗೆ, ದುಂಡಗೆ, ಹೆಬ್ಬೆರಳಲ್ಲಿ ಸ್ವಲ್ಪ ಕೂದಲು ಬಿಟ್ಟರೆ ಯಾವ ದೋಷವೂ ಇಲ್ಲದ ಕಾಲು. ಇಲ್ಲಿಯ ತನಕ ಅವನು ಕದ್ದದ್ದು ಒಬ್ಬ ಹಿರಿಯರ ಬೆಳಗಿನ ಹೊತ್ತು, ಒಂದು ಹ್ಯಾಮು. ಈಗ ಹೂಂ ಎಂದರೆ ಸೈನ್ಯಕ್ಕೇ ಸುಳ್ಳು ಗಾಯ ತೋರಿಸಿದಂತೆ. ನಿಜವಾದ ಭುಜವೂ ಆ ಸುಳ್ಳಿನ ಜೊತೆ ಮುಳುಗುತ್ತದೆ. ಊಹೂಂ ಎಂದರೆ ಆರ್ವಿಲ್ ಎರಡು ಮಾರು ದೂರದಲ್ಲಿ ನಿಂತಿದ್ದಾರೆ.

"ವರದಿ ಬೇಡ," ಎಂದ. "ಕಾಲಿಗೆ ಏನೂ ಆಗಿಲ್ಲ. ಇವತ್ತೂ ಆಗಿಲ್ಲ. ಯಾವತ್ತೂ ಆಗಿರ್ಲಿಲ್ಲ."

ಸೌದೆ ಜೋಡಿಸುತ್ತಿದ್ದ ಸಿಪಾಯಿಯ ಕೈ ಹಾಗೇ ನಿಂತಿತು. ಆರ್ವಿಲ್ ಮೆಲ್ಲಗೆ ತಿರುಗಿ, ಕೆಟಲಿಗೆ ನೀರು ತುಂಬಲೆಂದು ನಲ್ಲಿಯ ಕಡೆ ನಡೆದರು. ಅವರ ಸೊಂಟ ಒಂದು ಪಕ್ಕಕ್ಕೆ ಇಳಿಯುತ್ತಿತ್ತು. ಎಡ ಹಿಮ್ಮಡಿ ನೆಲ ಸವರುತ್ತಿತ್ತು. ಆರ್ವಿಲ್ ಹೀಗೆಯೇ ನಡೆಯುವುದನ್ನು ಊರು ಐವತ್ತು ವರ್ಷದಿಂದ ಕಂಡಿತ್ತು. ಎಷ್ಟು ಕಂಡಿತ್ತೆಂದರೆ ಯಾರ ಕಣ್ಣಿಗೂ ಅದು ಕುಂಟು ಎಂದು ಬೀಳುತ್ತಿರಲಿಲ್ಲ. ಅದು ಆರ್ವಿಲ್‌ರ ನಡಿಗೆ, ಅಷ್ಟೇ. ಹೊರಗಿನವಳಾದ ಶೆಂಗ್ ಮಾತ್ರ ಅವರನ್ನೊಮ್ಮೆ ಡ್ವೇನನನ್ನೊಮ್ಮೆ ನೋಡಿ ಹುಬ್ಬು ಗಂಟು ಹಾಕಿದಳು.

"ವಿಚಿತ್ರ," ಎಂದಳು. "ಇಬ್ಬರದ್ದೂ ಒಂದೇ ಥರ. ಅದೇ ಸೊಂಟ, ಅದೇ ಹಿಮ್ಮಡಿ."

ಆರ್ವಿಲ್ ಕೆಟಲನ್ನು ಕೆಳಗಿಟ್ಟರು. ತಮ್ಮ ಕಾಲನ್ನು ನೋಡಿದರು, ಡ್ವೇನನ ಕಾಲನ್ನು ನೋಡಿದರು.

"ಲೇ," ಎಂದರು. "ನೀನು ಇಷ್ಟು ವರ್ಷ ಕುಂಟಿದ್ದು ನನ್ನ ಕಾಲಲ್ಲಿ ಕಣೋ."

ಡ್ವೇನನಿಗೇ ಅದು ಅಲ್ಲಿಯ ತನಕ ಗೊತ್ತಿರಲಿಲ್ಲ. ಕುಂಟಬೇಕೆಂದಾಗ ಕುಂಟು ಎಲ್ಲಿಂದಲಾದರೂ ಬರಬೇಕಲ್ಲ. ಎದುರಿಗೆ ಕಂಡದ್ದನ್ನು ಕಾಲು ಎತ್ತಿಕೊಂಡಿತ್ತು. ಸಾಲ ಕೊಟ್ಟವರಿಗೇ ಅದನ್ನು ಬೆಳಗಾಗೆದ್ದು ತೋರಿಸಿ, ಮರುಕ ಪಡೆಯುತ್ತಿತ್ತು. ಬೂಟು ಹಾಕಿಕೊಳ್ಳಲು ಹೋದ. ಲೇಸನ್ನು ಶೆಂಗ್ ಬಗ್ಗಿ ಕಟ್ಟಿದಳು, ಅವನ ಮುಖ ನೋಡದೆ.

ಆಮೇಲಿನ ಹಿಮಕ್ಕೆ ಆರ್ವಿಲ್ ಬರಲಿಲ್ಲ. ಬರಲಿಲ್ಲ ಎಂದೂ ಅನ್ನುವಂತಿಲ್ಲ. ಪಕ್ಕದ ಮನೆಯ ವಿಧವೆಯ ದಾರಿ ತಳ್ಳಿದರು, ಎದುರು ಮನೆಯದನ್ನೂ ತಳ್ಳಿದರು. ಡ್ವೇನನ ಮನೆ ಮುಂದೆ ಹಾದು ಹೋಗುವಾಗ ಹಲಗೆಯನ್ನು ಎತ್ತಲಿಲ್ಲ. ಹಾಗಾಗಿ ರಸ್ತೆಯ ಹಿಮವೆಲ್ಲ ಅವನ ದಾರಿಯ ಬಾಯಿಗೆ ಬಂದು ಗೋಡೆಯಂತೆ ಬಿತ್ತು. ನಮ್ಮ ಕಡೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಹಾರ್ನ್ ಆಗಲಿಲ್ಲ. ಡ್ವೇನ್ ಸಲಿಕೆ ಹಿಡಿದು ಮಧ್ಯಾಹ್ನದ ತನಕ ಅಗೆದ. ಭುಜ ಬೆಂಕಿಯಾಯಿತು. ನಿಜವಾದ ನೋವು, ಈಗ ಅದನ್ನು ಯಾರಿಗೆ ಹೇಳಿಕೊಳ್ಳುವುದು? ಕಾರ್ಲೀನ್ ಬಿಸಿನೀರಿನ ಚೀಲ ತಂದು ಭುಜದ ಮೇಲಿಟ್ಟಳು. "ಇವತ್ತು ಪೂರ್ತಿ ಮುರುಕು," ಎಂದಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ಆರ್ವಿಲ್ ಈ ವಿಷಯವನ್ನು ಯಾರಿಗೂ ಹೇಳಿರಲಿಲ್ಲ. ಶುಕ್ರವಾರ ಹಾಲ್‌ಗೆ ಹೋದಾಗ ಅದು ತಿಳಿಯಿತು. ಡ್ವೇನ್ ಬಾಗಿಲಿನಿಂದ ನೆಟ್ಟಗೆ ನಡೆದು ಬಂದ. ಎದ್ದು ಕುರ್ಚಿ ಎಳೆದವರು ಕುರ್ಚಿ ಹಿಡಿದುಕೊಂಡೇ ನಿಂತರು. ಮೀನು ಬಡಿಸುತ್ತಿದ್ದ ಮುದುಕಿಯೊಬ್ಬಳು ಎದೆಯ ಮೇಲೆ ಶಿಲುಬೆ ಬರೆದುಕೊಂಡು, "ನಾನು ಮೇರಿ ಮಾತೆಗೆ ಹರಕೆ ಹೊತ್ತಿದ್ದೆ! ನೋಡಿ, ನಡೀತಿದಾನೆ!" ಎಂದು ಕೂಗಿಯೇಬಿಟ್ಟಳು. ಪವಾಡದ ಮರೆಯಲ್ಲಿ ನುಸುಳಿಕೊಳ್ಳಬಹುದಿತ್ತು. ಮೂಲೆಯಲ್ಲಿ ಆರ್ವಿಲ್ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು, ತಲೆ ಎತ್ತಲಿಲ್ಲ. ಡ್ವೇನ್ ನಿಂತಲ್ಲೇ ಎಲ್ಲ ಹೇಳಿದ. ಜೋಮಿನಿಂದ ಹಿಡಿದು, ಪೆಟ್ರೋಲ್ ಬಂಕಿನ ತನಕ. ಮೀನಿನ ಪತ್ರಿಕೆಯ ವಿಷಯ ಹೇಳುವಾಗ ಅವನ ಕಿವಿ ಬಿಸಿಯಾದವು.

ಹಾಲ್‌ನಲ್ಲಿ ಬಾಣಲೆಯ ಎಣ್ಣೆ ಚಟಪಟ ಎನ್ನುತ್ತಿತ್ತು. ಹಿಂದಿನ ಮೇಜಿನಿಂದ ಒಂದು ದನಿ ಕೇಳಿಬಂತು.

"ಹಾಗಾದ್ರೆ ಆ ಹ್ಯಾಮು?"

"ತಿಂದ್ವಿ."

"ಚೆನ್ನಾಗಿತ್ತಾ?"

"ಇಲ್ಲ."

ಅಂದಿನಿಂದ ಅವನಿಗೆ ಯಾರೂ ಕುರ್ಚಿ ಎಳೆಯಲಿಲ್ಲ. ಮೀನು ಕರಿದ ಬಾಣಲೆಗಳನ್ನು ತಿಕ್ಕುವ ಕೆಲಸ ಯಾರೂ ಹೇಳದೆ ಅವನದಾಯಿತು. ಆರ್ವಿಲ್ ಅವನ ಜೊತೆ ಮಾತು ಬಿಟ್ಟರು.

ಹಿಮ ಕರಗುವ ಹೊತ್ತಿಗೆ ಅವರ ಎಡಗಾಲು ಪೂರ್ತಿ ಕೈಕೊಟ್ಟಿತು. ಕ್ಲಚ್ ಒತ್ತಲಾಗದೆ ಟ್ರಕ್ಕನ್ನು ಚರ್ಚಿನ ಬೇಲಿಗೆ ಗುದ್ದಿದರು. ಸೊಂಟದ ಕೀಲು ಬದಲಿಸಬೇಕೆಂದು ಡಾಕ್ಟರು ಹೇಳಿದರಂತೆ, ಇವರು ಮನೆಗೆ ಬಂದು ಬಾಗಿಲು ಹಾಕಿಕೊಂಡರಂತೆ. ಕಾರ್ಲೀನ್ ಸುದ್ದಿ ತಂದಳು. ಡ್ವೇನ್ ಹೋಗಿ, ಬಾಗಿಲಲ್ಲೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ.

"ಆರ್ವಿಲ್, ಆ ಕಾಲು ನಿಮಗೆ ಸೈನ್ಯದಲ್ಲಿ ಬಂದಿದ್ದಲ್ವಾ? ಪರಿಹಾರಕ್ಕೆ ಕೇಳಿ. ಕೊಟ್ರೆ ಮಾಜಿ ಸೈನಿಕರ ಆಸ್ಪತ್ರೇಲೇ ಎಲ್ಲ ಮಾಡ್ತಾರೆ. ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ನೀವು?"

"ನನಗೇನು ಗುಂಡು ತಾಗಿತ್ತಾ? ಜೀಪು ಮಗುಚ್ತು. ಓಡಿಸ್ತಿದ್ದೋನು ನಾನೇ. ಅದಕ್ಕೆಲ್ಲ ಯಾರಾದ್ರೂ ಕೈ ಚಾಚ್ತಾರಾ? ನಿಜವಾಗಿ ನೊಂದವ್ರಿಗೆ ಇರ್ಲಿ ಅಂತ ಬಿಟ್ಟೆ." ಅವರು ಒಂದು ಕ್ಷಣ ತಡೆದು, ಡ್ವೇನನ ಕಾಲನ್ನೇ ನೋಡುತ್ತ ಹೇಳಿದರು: "ಈಗ ಹೋಗಿ ಕೇಳಿದ್ರೆ ಜನ ನನ್ನನ್ನೂ ನಿನ್ನ ಥರ ಅಂದ್ಕೊಂಡ್ರೆ?"

ಡ್ವೇನ್ ಬಾಗಿಲು ಬಿಟ್ಟು ಕದಲಲಿಲ್ಲ. ಮಾರನೆಯ ದಿನವೂ ಬಂದು ನಿಂತ. ಅದರ ಮಾರನೆಯ ದಿನವೂ. ಕೊನೆಗೆ ಆರ್ವಿಲ್ ಬೇಸತ್ತು ಟೋಪಿ ತೆಗೆದುಕೊಂಡರು. "ನಡಿ. ನಿನ್ನ ಮುಖ ನೋಡೋದಕ್ಕಿಂತ ಆ ಕಚೇರಿ ವಾಸಿ."

ಕೌಂಟಿ ಕಚೇರಿಯಲ್ಲಿ, ಅಂದರೆ ಜಿಲ್ಲಾ ಕಚೇರಿಯಲ್ಲಿ, ಮಾಜಿ ಸೈನಿಕರ ವಿಷಯ ನೋಡಿಕೊಳ್ಳುವವಳು ಲೊರೇನ್ ಪಿಟ್ಲಿಕ್. ಸೊಂಟ ಅಗಲ, ದನಿ ಇನ್ನೂ ಅಗಲ. ಅವಳ ಕೋಣೆಯ ಹೊರಗೆ ಉದ್ದನೆಯ ಹಜಾರ. ಎರಡೂ ಗೋಡೆಗೆ ಬೆಂಚು. ಬೆಂಚಿನ ತುಂಬ ಟೋಪಿ ಹಾಕಿದ ಮಾಜಿ ಸೈನಿಕರು. ಅರ್ಧಕ್ಕರ್ಧ ಶುಕ್ರವಾರದ ಮೀನಿನವರೇ. ಡ್ವೇನನನ್ನು ನೋಡಿ ಕೆಲವರು ಕೆಮ್ಮಿದರು.

"ಡಾಕ್ಟರ ಹತ್ರ ಕಳಿಸೋ ಮುಂಚೆ ನಾನೂ ಒಂದ್ಸಲ ನೋಡ್ತೀನಿ," ಎಂದು ಲೊರೇನ್ ಹಜಾರಕ್ಕೆ ಬಂದಳು. "ಆ ತುದಿ ತನಕ ನಡೆದು ತೋರಿಸಿ ಆರ್ವಿಲ್."

ಆರ್ವಿಲ್ ಬೆಂಚುಗಳನ್ನು ನೋಡಿದರು. ಟೋಪಿಗಳನ್ನು ನೋಡಿದರು. ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಹಲ್ಲು ಕಚ್ಚಿ, ಪರೇಡಿನಲ್ಲಿ ನಡೆದಂತೆ ಹಜಾರದ ಆ ತುದಿಗೆ ಹೋಗಿ ತಿರುಗಿ ನಿಂತರು. ಸೊಂಟ ಇಳಿಯಲಿಲ್ಲ. ಹಿಮ್ಮಡಿ ಸವರಲಿಲ್ಲ. ಹಣೆಯಲ್ಲಿ ಮಾತ್ರ ಬೆವರು ಸಾಲಾಗಿ ಮೂಡಿತ್ತು.

"ಚೆನ್ನಾಗೇ ನಡೀತೀರಲ್ಲ!" ಎಂದಳು ಲೊರೇನ್.

"ಅವರು ಹಾಗೆ ನಡೆಯಲ್ಲ ಮೇಡಂ," ಎಂದ ಡ್ವೇನ್. "ಐವತ್ತು ವರ್ಷದಿಂದ ಹಾಗೆ ನಡೆದಿಲ್ಲ."

"ಮತ್ತೆ ಹೇಗೆ ನಡೀತಾರೆ?"

ಡ್ವೇನ್ ಆರ್ವಿಲ್‌ರ ಕಡೆ ನೋಡಿದ. ಅವರು ಗೋಡೆಗೆ ಕೈಯೂರಿ ಉಸಿರು ಬಿಡುತ್ತಿದ್ದರು. ಜನವರಿಯಿಂದೀಚೆಗೆ ಮೊದಲ ಸಲ ಅವರು ಅವನ ಮುಖವನ್ನು ನೇರವಾಗಿ ನೋಡಿದರು.

"ತೋರ್ಸು," ಎಂದರು. "ನನಗಿಂತ ನಿನಗೇ ಅಭ್ಯಾಸ ಜಾಸ್ತಿ."

ಡ್ವೇನನ ಕುತ್ತಿಗೆಯಿಂದ ಬಿಸಿ ಏರಿ ಕಿವಿಯ ಜೀರುಂಡೆಯನ್ನೂ ಮುಟ್ಟಿತು. ಟೋಪಿ ತೆಗೆದು ಬೆಂಚಿನ ಮೇಲಿಟ್ಟ. ನಡೆಯತೊಡಗಿದ. ಕಾಲಿಗೆ ಎಲ್ಲ ನೆನಪಿತ್ತು. ಸೊಂಟ ಒಂದು ಪಕ್ಕಕ್ಕೆ ಇಳಿಯಿತು, ಹಿಮ್ಮಡಿ ನೆಲ ಸವರಿತು, ಬಲಗೈ ಗೋಡೆ ಹುಡುಕಿತು. ಎರಡೂ ಕಡೆಯ ಬೆಂಚುಗಳಿಂದ ಶುಕ್ರವಾರದ ಮುಖಗಳೆಲ್ಲ ಅವನ ಎಡಗಾಲನ್ನೇ ನೋಡುತ್ತಿದ್ದವು. ಲೊರೇನ್ ಪೆನ್ನು ತೆಗೆದು ಬರೆದುಕೊಳ್ಳತೊಡಗಿದಳು.

"ಮೆಟ್ಟಿಲು ಹತ್ತೋದು ಹೇಗೆ?" ಎಂದಳು.

ಡ್ವೇನ್ ಅದನ್ನೂ ತೋರಿಸಿದ. ಟ್ರಕ್ಕಿನಿಂದ ಇಳಿಯುವುದನ್ನು ತೋರಿಸಿದ. ಹಿಮಕ್ಕೆ ಸಲಿಕೆ ಹಾಕುವಾಗ ಯಾವ ಕಾಲಿಗೆ ಭಾರ ಬಿಡುತ್ತಾರೆಂದು ತೋರಿಸಿದ. ಅದನ್ನಂತೂ ಅವನು ಪರದೆಯ ಹಿಂದಿನಿಂದ ಎಂಟು ಚಳಿಗಾಲ ಕಣ್ತುಂಬ ನೋಡಿದ್ದ.

"ಹಿಮ್ಮಡಿ," ಎಂದರು ಆರ್ವಿಲ್ ಆ ತುದಿಯಿಂದ. "ಹಿಮ್ಮಡಿ ಇನ್ನೂ ಸ್ವಲ್ಪ ಎಳೀಬೇಕು ಮರಿ."

ಡ್ವೇನ್ ಇನ್ನೂ ಸ್ವಲ್ಪ ಎಳೆದ.